ಪ್ಲೇಟ್ ಹಳದಿಯಾದರೆ ಸಾಕೇ? ನ್ಯೂಮೋಕಾಕಸ್ ಪ್ರತಿಕಾಯ ಎಲೈಸಾದಲ್ಲಿ ದೋಷ ಹುಡುಕುವ ಬಗೆ

ನ್ಯುಮೋನಿಯಾ ತರುವ ನ್ಯೂಮೋಕಾಕಸ್ ಬ್ಯಾಕ್ಟೀರಿಯಾದ ಕವಚಕ್ಕೆ ಎದುರಾಗಿ ರಕ್ತದಲ್ಲಿ ಐಜಿಜಿ ಎಂಬ ಬಗೆಯ ಪ್ರತಿಕಾಯ (ರೋಗಾಣುವನ್ನು ಹಿಡಿಯುವ ಪ್ರೋಟೀನ್) ಎಷ್ಟಿದೆ ಎಂದು ಬಣ್ಣದ ಗಾಢತೆಯಿಂದ ಅಳೆಯುವ ಎಲೈಸಾ ಪರೀಕ್ಷೆ ಎರಡು ಬಗೆಯಲ್ಲಿ ಕೆಡುತ್ತದೆ. ಒಂದು, ಕಣ್ಣಿಗೆ ಕಾಣುವಂತೆ: ಬಣ್ಣ ಬರುವುದಿಲ್ಲ, ಬಣ್ಣ ಬರಬಾರದ ಬ್ಲಾಂಕ್ ಹಳದಿಯಾಗುತ್ತದೆ, ಪ್ಲೇಟಿನ ಗುಳಿಗಳಲ್ಲಿ, ಅಂದರೆ ವೆಲ್‌ಗಳಲ್ಲಿ, ಒಂದೇ ಮಾದರಿ ಹಾಕಿದ ಜೋಡಿ ವೆಲ್‌ಗಳು ಒಂದಕ್ಕೊಂದು ಹೊಂದುವುದಿಲ್ಲ. ಇನ್ನೊಂದು ಬಗೆಯಲ್ಲಿ ಪ್ಲೇಟ್ ಚೆನ್ನಾಗಿಯೇ ಕಾಣುತ್ತದೆ, ಮೌಲ್ಯ ಗೊತ್ತಿರುವ ಸೀರಮ್‌ನಿಂದ ಎಳೆಯುವ ಅಳತೆಯ ಕರ್ವ್ ಕೂಡ ನೇರ್ಪಾಗಿ ಕೂರುತ್ತದೆ, ಆದರೆ ಅಳೆದದ್ದು ಕವಚದ ಪ್ರತಿಕಾಯವನ್ನಲ್ಲ. ಮೊದಲನೆಯದರಿಂದ ಒಂದು ದಿನದ ಕೆಲಸ ಹಾಳಾಗುತ್ತದೆ, ಅಷ್ಟೇ. ಎರಡನೆಯದರಲ್ಲಿ ತಪ್ಪು ಸಂಖ್ಯೆ ವರದಿಯಾಗಿ ಹೊರಗೆ ಹೋಗುತ್ತದೆ. ಪದೇ ಪದೇ ನ್ಯುಮೋನಿಯಾ ಬರುವ ಮಗುವಿಗೆ ಪ್ರತಿಕಾಯ ಸಾಕಷ್ಟಿದೆ ಎಂದು ವೈದ್ಯರು ನಂಬಿ ಮುಂದಿನ ತಪಾಸಣೆ ಕೈಬಿಡಬಹುದು. ಹಾಗಾಗಿ ಈ ಬರಹದಲ್ಲಿ ಕಣ್ಣಿಗೆ ಕಾಣುವ ದೋಷಗಳನ್ನು ಬೇಗ ಮುಗಿಸಿ, ಕಾಣದವುಗಳ ಬಳಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಇಲ್ಲಿ ಲೆಕ್ಕಕ್ಕೆ ತೆಗೆದುಕೊಂಡಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಶಿಷ್ಟ ವಿಧಾನವನ್ನು ಆಧರಿಸಿದ ಎಲೈಸಾ: ವೆಲ್‌ಗೆ ಕವಚದ ಪಾಲಿಸ್ಯಾಕರೈಡ್ (ಸಕ್ಕರೆಯ ಸರಪಳಿ) ಅಂಟಿಸುವುದು, ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಹಾಕುವುದು, ಆಲ್ಕಲೈನ್ ಫಾಸ್ಫಟೇಸ್ ಎಂಬ ಎಂಜೈಮ್ ಜೋಡಿಸಿದ, ಮಾನವ ಐಜಿಜಿಯನ್ನು ಹಿಡಿಯುವ ಪ್ರತಿಕಾಯವನ್ನು, ಅಂದರೆ ಕಾಂಜುಗೇಟನ್ನು ಹಾಕುವುದು, ಆ ಎಂಜೈಮ್ ಹಳದಿಯಾಗಿಸುವ ಪಿಎನ್‌ಪಿಪಿ ಎಂಬ ಸಬ್‌ಸ್ಟ್ರೇಟ್ ಹಾಕಿ 405 ನ್ಯಾನೋಮೀಟರ್ ಬೆಳಕಿನಲ್ಲಿ ಬಣ್ಣದ ಗಾಢತೆಯನ್ನು (ಓಡಿ) ಓದುವುದು. ಹಿಬ್ (ಹಿಮೋಫಿಲಸ್ ಇನ್‌ಫ್ಲುಯೆಂಜೆ ಬಿ), ಮೆನಿಂಗೋಕಾಕಸ್ ಬ್ಯಾಕ್ಟೀರಿಯಾಗಳ, ಟೈಫಾಯ್ಡ್‌ನ ವಿಐ ಪಾಲಿಸ್ಯಾಕರೈಡ್ ಪರೀಕ್ಷೆಗಳಿಗೂ ಇಲ್ಲಿಯ ಬಹುಪಾಲು ಮಾತು ಹೊಂದುತ್ತದೆ. ಮಣಿಗಳ ಮೇಲೆ ಹಲವು ಬಗೆಯ ಕವಚಗಳನ್ನು, ಅಂದರೆ ಸೀರೋಟೈಪ್‌ಗಳನ್ನು ಒಟ್ಟಿಗೆ ಅಳೆಯುವವರು ಪ್ಲೇಟ್‌ಗೆ ಸಂಬಂಧಿಸಿದ ಭಾಗ ಬಿಟ್ಟು ಉಳಿದದ್ದನ್ನು ಓದಬಹುದು.

ಕೈ ಹಾಕುವ ಮುಂಚೆ

ಪ್ರತಿ ಸೀರಮ್ ಮಾದರಿಯನ್ನೂ ಸೋಂಕು ಇರುವುದೆಂದೇ ಹಿಡಿಯಿರಿ. ಪ್ರತಿಕಾಯದ ಮೌಲ್ಯ ಗೊತ್ತಿರುವ ಸ್ಟ್ಯಾಂಡರ್ಡ್ ಸೀರಮ್, ಪರೀಕ್ಷೆ ಸರಿಯಿದೆಯೇ ಎಂದು ನೋಡುವ ಕಂಟ್ರೋಲ್ ಸೀರಮ್ ಎರಡೂ ಮನುಷ್ಯರ ರಕ್ತದಿಂದಲೇ ಬಂದವು, ಅವಕ್ಕೂ ಇದೇ ನಿಯಮ. ಕ್ರಿಯೆ ನಿಲ್ಲಿಸಲು ಬಳಸುವ 3 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಮಲ್ಟಿಚಾನೆಲ್ ಪಿಪೆಟ್‌ನಿಂದ ಅದನ್ನು ಹಾಕುವಾಗ ರಕ್ಷಣಾ ಕನ್ನಡಕ ತೆಗೆಯಬೇಡಿ. ಸಬ್‌ಸ್ಟ್ರೇಟ್ ಬಫರ್‌ನಲ್ಲಿ, ಅಂದರೆ ಪಿಎಚ್ ಸ್ಥಿರವಾಗಿಡುವ ದ್ರಾವಣದಲ್ಲಿ, ಇರುವ ಡೈಇಥನಾಲಮೀನ್ ಕೂಡ ಚರ್ಮ, ಕಣ್ಣು ಉರಿಸುತ್ತದೆ. ಸೋಡಿಯಂ ಅಜೈಡ್ ಇರುವ ಬಫರ್‌ಗಳನ್ನು ಸಿಂಕ್‌ಗೆ ಸುರಿಯಬಾರದು. ತಾಮ್ರ ಅಥವಾ ಸೀಸದ ಕೊಳವೆಯಲ್ಲಿ ಅಜೈಡ್ ಕೂಡಿಕೊಂಡರೆ ಸ್ಫೋಟಕ ಲವಣವಾಗುತ್ತದೆ, ಆಮ್ಲ ತಗುಲಿದರೆ ವಿಷಾನಿಲ ಹೊರಡುತ್ತದೆ.

ಇನ್ನೊಂದು ಮಾತು. ದೋಷ ಕಂಡ ಪ್ಲೇಟನ್ನು ಆತುರದಲ್ಲಿ ಬಿಸಾಡಬೇಡಿ. ಮುಚ್ಚಿ ಪಕ್ಕಕ್ಕಿಡಿ. ಯಾವ ವೆಲ್ ಎಲ್ಲಿ ಕೆಟ್ಟಿತು ಎನ್ನುವ ನಕ್ಷೆಯೇ ಅರ್ಧ ಉತ್ತರ ಹೇಳುತ್ತದೆ.

ಇಡೀ ಪ್ಲೇಟ್ ಮಂಕು, ಅಥವಾ ಬಣ್ಣವೇ ಬಂದಿಲ್ಲ

ಮೊದಲು ಪೈಸೆ ಖರ್ಚಿಲ್ಲದ ಪರೀಕ್ಷೆ. ಒಂದು ಖಾಲಿ ಟ್ಯೂಬ್‌ಗೆ ಸ್ವಲ್ಪ ಸಬ್‌ಸ್ಟ್ರೇಟ್ ಹಾಕಿ, ಅದಕ್ಕೆ ಕಾಂಜುಗೇಟ್‌ನ ಒಂದು ಹನಿ ನೇರವಾಗಿ ಬಿಡಿ. ಕೆಲವೇ ನಿಮಿಷದಲ್ಲಿ ಗಾಢ ಹಳದಿ ಬಂದರೆ ಎಂಜೈಮೂ ಸಬ್‌ಸ್ಟ್ರೇಟೂ ಜೀವಂತವಾಗಿವೆ, ತಪ್ಪು ಪ್ಲೇಟಿನೊಳಗೆ ಇದೆ. ಬರದಿದ್ದರೆ ಪ್ಲೇಟನ್ನು ದೂರುವ ಅಗತ್ಯವೇ ಇಲ್ಲ.

ಹನಿ ಹಾಕಿದರೂ ಬಣ್ಣ ಬರಲಿಲ್ಲವೆಂದರೆ ಬಫರ್ ಕಡೆ ನೋಡಿ. ಆಲ್ಕಲೈನ್ ಫಾಸ್ಫಟೇಸ್‌ಗೆ ಪಿಎಚ್ 9.8ರ ಆಸುಪಾಸು ಬೇಕು, ಮೆಗ್ನೀಸಿಯಂ ಬೇಕು. ಮೆಗ್ನೀಸಿಯಂ ಕ್ಲೋರೈಡ್ ಹಾಕಲು ಮರೆತಿರಬಹುದು. ಇಡಿಟಿಎ ಇರುವ ಯಾವುದಾದರೂ ದ್ರಾವಣ ಬೆರೆತಿರಬಹುದು. ಅದು ಎಂಜೈಮಿನ ಸತು ಮತ್ತು ಮೆಗ್ನೀಸಿಯಂ ಎರಡನ್ನೂ ಕಿತ್ತುಕೊಳ್ಳುತ್ತದೆ. ಎಲ್ಲಕ್ಕಿಂತ ಸಾಮಾನ್ಯ ತಪ್ಪು ಫಾಸ್ಫೇಟ್. ಫಾಸ್ಫೇಟ್ ಈ ಎಂಜೈಮನ್ನು ತಡೆಯುತ್ತದೆ. ಆದ್ದರಿಂದಲೇ ತೊಳೆಯಲು ಟ್ರಿಸ್ ಬಫರ್ ಹೇಳಿರುವುದು. ಪಕ್ಕದ ಬೆಂಚಿನ ಪಿಬಿಎಸ್ (ಫಾಸ್ಫೇಟ್ ಇರುವ ಬಫರ್) ಬಾಟಲಿ ವಾಶರ್‌ಗೆ ಸಿಕ್ಕಿಸಿದರೆ ಕೊನೆಯ ತೊಳೆತದಲ್ಲಿ ಉಳಿದ ಹನಿಯೇ ಬಣ್ಣ ಕುಂದಿಸಲು ಸಾಕು. ನಮ್ಮ ಪ್ರಯೋಗಾಲಯದಲ್ಲಿ ಒಮ್ಮೆ ಮೂರು ದಿನ ಕಾಂಜುಗೇಟ್ ಬದಲಿಸಿ ಬದಲಿಸಿ ನೋಡಿದೆವು. ನಾಲ್ಕನೆಯ ದಿನ ವಾಶರ್‌ನ ಕ್ಯಾನ್ ಮೇಲಿನ ಚೀಟಿ ಓದಿದಾಗ ತಿಳಿಯಿತು. ಅವತ್ತಿನಿಂದ ಎರಡೂ ಬಫರ್‌ಗೆ ಬೇರೆ ಬೇರೆ ಬಣ್ಣದ ಮುಚ್ಚಳ.

ಎಂಜೈಮ್ ಸರಿಯಿದ್ದೂ ಪ್ಲೇಟ್ ಮಂಕಾಗಿದ್ದರೆ ಕಾಂಜುಗೇಟ್‌ಗೆ ಬಫರ್ ಬೆರೆಸಿ ತೆಳುಮಾಡಿದ (ಡೈಲ್ಯೂಷನ್) ಲೆಕ್ಕ, ಇನ್‌ಕ್ಯುಬೇಷನ್‌ನ ಸಮಯ, ಕೋಣೆಯ ಉಷ್ಣತೆ ನೋಡಿ. ಈ ಕ್ರಮದಲ್ಲೇ ನೋಡಿ, ಏಕೆಂದರೆ ಲೆಕ್ಕದ ತಪ್ಪೇ ಹೆಚ್ಚು.

ಹಾರ್ಸ್‌ರ‍್ಯಾಡಿಷ್ ಪೆರಾಕ್ಸಿಡೇಸ್ ಬಳಸುವ ಕಿಟ್ ನಿಮ್ಮದಾದರೆ ಶತ್ರು ಬೇರೆ: ಅಲ್ಲಿ ಎಂಜೈಮನ್ನು ಕೊಲ್ಲುವುದು ಸೋಡಿಯಂ ಅಜೈಡ್. ಫಾಸ್ಫಟೇಸ್‌ಗೆ ಅಜೈಡ್‌ನಿಂದ ತೊಂದರೆಯಿಲ್ಲ. ಒಂದು ವಿಧಾನದ ಬಫರನ್ನು ಇನ್ನೊಂದಕ್ಕೆ ಸಾಲ ಕೊಡುವಾಗ ಈ ಎರಡು ಸಂಗತಿ ನೆನಪಿರಲಿ.

ಬ್ಲಾಂಕ್ ವೆಲ್‌ಗಳೂ ಹಳದಿ

ಸಬ್‌ಸ್ಟ್ರೇಟ್ ಬಾಟಲಿಯನ್ನು ಬಿಳಿ ಕಾಗದದ ಮುಂದೆ ಹಿಡಿದು ನೋಡಿ. ಹಾಕುವ ಮೊದಲೇ ಹಳದಿ ಛಾಯೆ ಇದ್ದರೆ ಅದು ತಾನಾಗಿಯೇ ಒಡೆದಿದೆ ಅಥವಾ ಅದರೊಳಗೆ ಬ್ಯಾಕ್ಟೀರಿಯಾ ಬೆಳೆದಿದೆ. ಬ್ಯಾಕ್ಟೀರಿಯಾಗಳಿಗೂ ತಮ್ಮದೇ ಫಾಸ್ಫಟೇಸ್ ಇರುತ್ತದೆ. ಪಿಎನ್‌ಪಿಪಿಯನ್ನು ಬಳಸುವ ಹೊತ್ತಿಗೆ ಕರಗಿಸಿಕೊಳ್ಳಿ, ನಿನ್ನೆಯದನ್ನು ಉಳಿಸಬೇಡಿ.

ಅದು ತಿಳಿಯಾಗಿದ್ದರೆ ಮುಂದಿನ ಪ್ಲೇಟ್‌ನಲ್ಲಿ ಮೂರು ಬಗೆಯ ಬ್ಲಾಂಕ್ ಇಡಿ. ಒಂದರಲ್ಲಿ ಸಬ್‌ಸ್ಟ್ರೇಟ್ ಮಾತ್ರ. ಎರಡನೆಯದರಲ್ಲಿ ಸೀರಮ್ ಬಿಟ್ಟು ಉಳಿದೆಲ್ಲ. ಮೂರನೆಯದು ಪಾಲಿಸ್ಯಾಕರೈಡ್ ಅಂಟಿಸದ ವೆಲ್, ಅದಕ್ಕೆ ಸೀರಮ್ ಸಹಿತ ಎಲ್ಲವೂ. ಎರಡನೆಯದು ಹಳದಿಯಾದರೆ ಕಾಂಜುಗೇಟ್ ಹೆಚ್ಚಾಗಿದೆ ಅಥವಾ ತೊಳೆತ ಸಾಲದು. ಮೂರನೆಯದು ಮಾತ್ರ ಹಳದಿಯಾದರೆ ಸೀರಮ್‌ನ ಐಜಿಜಿ ಬರಿಯ ಪ್ಲಾಸ್ಟಿಕ್‌ಗೇ ಅಂಟುತ್ತಿದೆ. ಆಗ ಡೈಲ್ಯೂಷನ್ ಬಫರ್‌ನಲ್ಲಿ ಟ್ವೀನ್ 20 ಎಂಬ ಸೋಪಿನಂಥ ದ್ರವ ಇದೆಯೇ, ಅದರ ಪ್ರಮಾಣ 0.05 ಶೇಕಡಾ ಇದೆಯೇ ನೋಡಿ. ಟ್ವೀನ್ ಜೇನಿನಂತೆ ಮಂದ. ಪಿಪೆಟ್ ತುದಿಯ ಒಳಗೋಡೆಗೆ ಅರ್ಧ ಅಂಟಿಕೊಂಡು ಉಳಿದಿರುತ್ತದೆ. ತುದಿಯನ್ನೇ ಕತ್ತರಿಸಿ ನಿಧಾನವಾಗಿ ಎಳೆದುಕೊಳ್ಳಿ, ಇಲ್ಲವೇ ತೂಕ ಮಾಡಿ ಹಾಕಿ.

ಜೋಡಿ ವೆಲ್‌ಗಳು ಹೊಂದುತ್ತಿಲ್ಲ, ಅಂಚಿನ ವೆಲ್‌ಗಳು ಬೇರೆಯೇ ಹೇಳುತ್ತವೆ

ಓಡಿಗಳನ್ನು ಪಟ್ಟಿಯಾಗಿ ಓದಬೇಡಿ, ಪ್ಲೇಟಿನ ಆಕಾರದಲ್ಲೇ ಇಟ್ಟು ನೋಡಿ. ಸುತ್ತಲಿನ ಅಂಚು ಹೆಚ್ಚು ಅಥವಾ ಕಡಿಮೆ ಇದ್ದರೆ ಆವಿಯಾಗುವಿಕೆ, ಅಥವಾ ತಣ್ಣಗಿನ ಪ್ಲೇಟನ್ನು ಇನ್‌ಕ್ಯುಬೇಟರ್‌ನಲ್ಲಿ ಒಂದರ ಮೇಲೊಂದು ಪೇರಿಸಿದ್ದು ಕಾರಣ. ಮುಚ್ಚಳ ಹಾಕಿ, ಪೇರಿಸಬೇಡಿ. ಒಂದು ಸಾಲು ಪೂರ್ತಿ ಕಡಿಮೆಯಿದ್ದರೆ ಪಿಪೆಟ್‌ನ ಆ ಚಾನೆಲ್ ಅನುಮಾನಕ್ಕೆ ಅರ್ಹ. ಎಂಟೂ ತುದಿಗಳಲ್ಲಿ ದ್ರವ ಎಳೆದುಕೊಂಡು ಬೆಳಕಿಗೆ ಅಡ್ಡ ಹಿಡಿಯಿರಿ. ಒಂದರಲ್ಲಿ ಮಟ್ಟ ಕೂದಲೆಳೆಯಷ್ಟು ಕೆಳಗಿದ್ದರೂ ಕಣ್ಣಿಗೆ ಸಿಗುತ್ತದೆ. ಎಷ್ಟೋ ಸಲ ತುದಿ ಸರಿಯಾಗಿ ಕೂತಿರುವುದಿಲ್ಲ. ಅಲ್ಲೊಂದು ಇಲ್ಲೊಂದು ವೆಲ್ ಮಾತ್ರ ಎದ್ದು ಕಾಣುತ್ತಿದ್ದರೆ ಗುಳ್ಳೆ, ಬೆರಳಚ್ಚು, ಅಥವಾ ವಾಶರ್‌ನ ಕಟ್ಟಿಕೊಂಡ ಸೂಜಿ. ವಾಶರ್‌ಗೆ ನೀರು ತುಂಬಿಸಿ, ಹೀರಿಸಿ, ಪ್ಲೇಟನ್ನು ಓರೆ ಮಾಡಿ: ಯಾವ ವೆಲ್‌ನಲ್ಲಿ ನೀರು ಉಳಿಯಿತೋ ಆ ಸೂಜಿಯನ್ನು ಬಿಡಿಸಿ.

ಪಿಪೆಟ್ ತಪ್ಪೋ ರೀಡರ್ ತಪ್ಪೋ ಎಂದು ಬಿಡಿಸಲು ಒಂದು ಸರಳ ದಾರಿಯಿದೆ. ಉಳಿದ ಹಳದಿ ದ್ರಾವಣವನ್ನೆಲ್ಲ ಕೂಡಿಸಿ, ಹೊಸ ಪ್ಲೇಟಿನ 96 ವೆಲ್‌ಗೂ 100 ಮೈಕ್ರೋಲೀಟರ್ ಹಾಕಿ ಓದಿ. ನಂತರ ಪ್ಲೇಟನ್ನು ಮಗುಚದೆ, ಮಟ್ಟಸವಾಗಿಯೇ 180 ಡಿಗ್ರಿ ತಿರುಗಿಸಿಟ್ಟು ಮತ್ತೊಮ್ಮೆ ಓದಿ. ಕೆಟ್ಟ ಜಾಗ ಪ್ಲೇಟಿನ ಜೊತೆ ತಿರುಗಿದರೆ ತಪ್ಪು ಪಿಪೆಟ್‌ನದು. ಅದೇ ಜಾಗದಲ್ಲಿ ನಿಂತರೆ ರೀಡರ್‌ನದು. ರೀಡರ್‌ನದಾದರೆ ಕಿಟಕಿಯ ಧೂಳು ಒರೆಸುವಷ್ಟಕ್ಕೆ ನಿಲ್ಲಿಸಿ. ಒಳಗಿನ ದೀಪ, ಫಿಲ್ಟರ್ ಬಿಚ್ಚುವುದು ಸರ್ವಿಸ್ ಎಂಜಿನಿಯರ್ ಕೆಲಸ.

ಬೇರೆಲ್ಲ ಸರಿ, ಒಂದೇ ಸೀರೋಟೈಪ್ ಕೈಕೊಡುತ್ತಿದೆ

ಪ್ರೋಟೀನ್ ಎಲೈಸಾದಿಂದ ಬಂದವರು ಇಲ್ಲಿ ಎಡವುತ್ತಾರೆ. ಪ್ರೋಟೀನ್ ಪಾಲಿಸ್ಟೈರೀನ್‌ಗೆ ತಾನಾಗಿ ಅಂಟುತ್ತದೆ. ಪಾಲಿಸ್ಯಾಕರೈಡ್ ಹಾಗಲ್ಲ, ಅದು ನೀರನ್ನು ಪ್ರೀತಿಸುವ ಸಕ್ಕರೆಯ ಸರಪಳಿ. ಅದರಲ್ಲೂ ಪ್ರತಿ ಕವಚದ ಸ್ವಭಾವ ಬೇರೆ. ಹೆಚ್ಚಿನವು ಋಣ ಆವೇಶದವು, 14 ಮತ್ತು 7ಎಫ್‌ನಂಥವು ಆವೇಶವೇ ಇಲ್ಲದವು. ಹಾಗಾಗಿ ಅಂಟಿಸುವ ಸಾಂದ್ರತೆ ಎಲ್ಲಕ್ಕೂ ಒಂದೇ ಆಗಿರಲು ಸಾಧ್ಯವಿಲ್ಲ. ಸಾಮಾನ್ಯವಾಗಿ ಮಿಲಿಲೀಟರ್‌ಗೆ 1ರಿಂದ 10 ಮೈಕ್ರೋಗ್ರಾಂ ಒಳಗೆ, ಪ್ರತಿ ಸೀರೋಟೈಪ್‌ಗೂ ಪ್ರತಿ ಬ್ಯಾಚ್‌ಗೂ ಬೇರೆಯಾಗಿ ಗೊತ್ತುಮಾಡಬೇಕು. ಪಿಬಿಎಸ್‌ನಲ್ಲಿ ಕರಗಿಸಿ 37 ಡಿಗ್ರಿಯಲ್ಲಿ 5 ಗಂಟೆ ಇಡುವುದು ರೂಢಿ.

ಮೊದಲು ಪ್ಲೇಟಿನ ಹೆಸರು, ಬ್ಯಾಚ್ ನೋಡಿ. ಯಾರೋ ಹೆಚ್ಚು ಅಂಟಿಸಿಕೊಳ್ಳುವ ಹೈ-ಬೈಂಡಿಂಗ್ ಪ್ಲೇಟ್ ಒಳ್ಳೆಯದಿರಬೇಕು ಎಂದುಕೊಂಡು ತರಿಸಿರಬಹುದು. ಈ ವಿಧಾನ ಮೀಡಿಯಂ-ಬೈಂಡಿಂಗ್ ಪ್ಲೇಟ್‌ನಲ್ಲಿ ಹೊಂದಿಸಿದ್ದು. ಆಮೇಲೆ ಪುಡಿಯ ಬಾಟಲಿ. ಫ್ರಿಜ್‌ನಿಂದ ತೆಗೆದ ಕೂಡಲೇ ಮುಚ್ಚಳ ತೆರೆದರೆ ಗಾಳಿಯ ತೇವ ಒಳಗೆ ಇಳಿಯುತ್ತದೆ, ಪಾಲಿಸ್ಯಾಕರೈಡ್ ಅದನ್ನು ಹೀರಿಕೊಳ್ಳುತ್ತದೆ, ಆಮೇಲೆ ನೀವು ತೂಗುವುದರಲ್ಲಿ ನೀರೂ ಸೇರಿರುತ್ತದೆ. ಬಾಟಲಿ ಕೋಣೆಯ ಉಷ್ಣತೆಗೆ ಬಂದ ಮೇಲೆಯೇ ತೆರೆಯಿರಿ.

19ಎಫ್ ಮತ್ತು 6ಎಯಲ್ಲಿ ಸಕ್ಕರೆಗಳನ್ನು ಜೋಡಿಸುವ ಫಾಸ್ಫೋಡೈಎಸ್ಟರ್ ಕೊಂಡಿಗಳಿವೆ. ದ್ರವರೂಪದಲ್ಲಿ ಬಹಳ ಕಾಲ, ಅದರಲ್ಲೂ ಬೆಚ್ಚಗೆ ಇಟ್ಟರೆ ಅವು ಕಡಿದುಹೋಗುತ್ತವೆ. ಸರಪಳಿ ಚಿಕ್ಕದಾದಷ್ಟೂ ಪ್ಲಾಸ್ಟಿಕ್‌ನ ಹಿಡಿತ ತಪ್ಪುತ್ತದೆ. ಈ ಎರಡರಲ್ಲಿ ಮಾತ್ರ ಓಡಿ ಇಳಿಯುತ್ತಾ ಬಂದಿದ್ದರೆ ಹೊಸ ಸ್ಟಾಕ್ ಮಾಡುವುದೇ ಪರಿಹಾರ.

ಇಷ್ಟೂ ಆಗಿ ಇನ್ನೂ ಕಡಿಮೆಯಿದ್ದರೆ ಒಂದು ಪ್ಲೇಟ್ ಖರ್ಚುಮಾಡಿ: ಅಂಟಿಸುವ ಸಾಂದ್ರತೆಯನ್ನು ಉದ್ದಕ್ಕೆ ಏರಿಸುತ್ತಾ, ಸ್ಟ್ಯಾಂಡರ್ಡ್ ಸೀರಮನ್ನು ಅಡ್ಡಕ್ಕೆ ಇಳಿಸುತ್ತಾ ಹಾಕಿ. ಓಡಿ ಏರಿ ಸಮತಟ್ಟಾಗುವ ಜಾಗವೇ ನಿಮ್ಮ ಸಾಂದ್ರತೆ. ಹೆಚ್ಚು ಹಾಕಿದಷ್ಟು ಒಳ್ಳೆಯದು ಎಂದುಕೊಳ್ಳಬೇಡಿ. ಅತಿಯಾದರೆ ಗಟ್ಟಿಯಾಗಿ ಅಂಟದ ಪಾಲಿಸ್ಯಾಕರೈಡ್ ಸೀರಮ್ ಹಾಕಿದಾಗ ಬಿಟ್ಟುಕೊಂಡು, ದ್ರವದಲ್ಲೇ ಪ್ರತಿಕಾಯವನ್ನು ಹಿಡಿದು, ತೊಳೆತದಲ್ಲಿ ಹೊರಟುಹೋಗುತ್ತದೆ. ಪಾಲಿಸ್ಯಾಕರೈಡ್ ಬರಿದಾಗಿ ಅಂಟಲು ಒಪ್ಪದೇ ಇರುವ ಪರೀಕ್ಷೆಗಳಲ್ಲಿ, ಮೆನಿಂಗೋಕಾಕಸ್‌ಗೆ ಮಾಡುವಂತೆ, ಮಿಥೈಲೇಟ್ ಮಾಡಿದ ಆಲ್ಬುಮಿನ್ ಪ್ರೋಟೀನ್ ಬೆರೆಸಿ ಅಂಟಿಸುತ್ತಾರೆ. ಆದರೆ ಅದು ಹೊಸ ವಿಧಾನವೇ ಆಗುತ್ತದೆ, ಮತ್ತೆ ಮೊದಲಿನಿಂದ ಪ್ರಮಾಣೀಕರಿಸಬೇಕು. ದೋಷ ಸರಿಮಾಡುವ ನೆಪದಲ್ಲಿ ಅದನ್ನು ತರಬೇಡಿ.

ಲಸಿಕೆ ಹಾಕಿಸಿಕೊಳ್ಳದ ವಯಸ್ಕರಲ್ಲೂ ಎಲ್ಲ ಸೀರೋಟೈಪ್‌ಗೂ ಪ್ರತಿಕಾಯ ಹೆಚ್ಚು

ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದೇ. ಪ್ಲೇಟ್ ಸ್ವಚ್ಛ, ಕಂಟ್ರೋಲ್ ಸರಿ, ಜೋಡಿ ವೆಲ್‌ಗಳು ಹೊಂದುತ್ತವೆ. ಯಾವ ಎಚ್ಚರಿಕೆಯ ಗಂಟೆಯೂ ಬಾರಿಸುವುದಿಲ್ಲ.

ಕಾರಣ ಬ್ಯಾಕ್ಟೀರಿಯಾದ ಗೋಡೆಯಲ್ಲಿದೆ. ಎಲ್ಲ ನ್ಯೂಮೋಕಾಕಸ್‌ಗಳ ಗೋಡೆಗೂ ಸಾಮಾನ್ಯವಾದ, ಫಾಸ್ಫೋಕೋಲೀನ್ ಹೊತ್ತ ಒಂದು ಪಾಲಿಸ್ಯಾಕರೈಡ್ ಇದೆ, ಸಿ-ಪಾಲಿಸ್ಯಾಕರೈಡ್ ಎಂದು. ರಕ್ತಪರೀಕ್ಷೆಯ ಚೀಟಿಯಲ್ಲಿ ಎಲ್ಲರೂ ಕಂಡಿರುವ ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್, ತನ್ನ ಹೆಸರು ಪಡೆದದ್ದು ಇದರಿಂದಲೇ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬ ಸಂಶೋಧಕರು ನ್ಯುಮೋನಿಯಾ ರೋಗಿಗಳ ಸೀರಮ್ ಈ ಪಾಲಿಸ್ಯಾಕರೈಡ್ ಜೊತೆ ಸೇರಿ ಗಷ್ಟಾಗಿ ತಳಕ್ಕಿಳಿಯುವುದನ್ನು ಕಂಡಿದ್ದರು. ನಾವು ಕೊಳ್ಳುವ ಕವಚದ ಪುಡಿ ಎಷ್ಟೇ ಶುದ್ಧವಾಗಿದ್ದರೂ ಅದರ ಜೊತೆ ಈ ಸಿ-ಪಾಲಿಸ್ಯಾಕರೈಡ್ ಸ್ವಲ್ಪ ಬಂದೇ ಬರುತ್ತದೆ. ಮನುಷ್ಯರಲ್ಲಿ ಇದಕ್ಕೆ ಪ್ರತಿಕಾಯ ಬಹುತೇಕ ಎಲ್ಲರಲ್ಲೂ ಇರುತ್ತದೆ. ಆದರೆ ಅದರಿಂದ ರಕ್ಷಣೆ ಸಿಗದು. ಹೀಗೆ ಸೀರೋಟೈಪ್ 4ರ ಪ್ರತಿಕಾಯವನ್ನು ಅಳೆದೆವು ಎಂದುಕೊಂಡು ನಾವು ಗೋಡೆಯ ಪ್ರತಿಕಾಯವನ್ನು ಅಳೆದಿರುತ್ತೇವೆ.

ಇದಕ್ಕೆಂದೇ ಸೀರಮನ್ನು ಪ್ಲೇಟಿಗೆ ಹಾಕುವ ಮುಂಚೆ ಸಿ-ಪಾಲಿಸ್ಯಾಕರೈಡ್ ಬೆರೆಸಿದ ಬಫರ್‌ನಲ್ಲಿ ಇಡುತ್ತೇವೆ. ಬೇಡದ ಪ್ರತಿಕಾಯಗಳು ಅದಕ್ಕೆ ಕಟ್ಟಿಕೊಂಡು ತೊಳೆತದಲ್ಲಿ ಹೋಗುತ್ತವೆ. ಅದೂ ಸಾಲದೆಂದು 2001ರ ಸುಮಾರಿಗೆ ಗೊತ್ತಾಯಿತು. ಪುಡಿಯಲ್ಲಿ ಇನ್ನೂ ಕೆಲವು ಸಾಮಾನ್ಯ ಕಲ್ಮಶಗಳಿದ್ದವು. 22ಎಫ್ ಸೀರೋಟೈಪ್‌ನ ಪಾಲಿಸ್ಯಾಕರೈಡನ್ನೂ ಬೆರೆಸಿದರೆ ಅವುಗಳ ಪ್ರತಿಕಾಯವೂ ಹೊರಟುಹೋಗುತ್ತದೆ. ಈಗಿನ ವಿಧಾನದಲ್ಲಿ ಎರಡೂ ಇವೆ.

ಪರೀಕ್ಷಿಸಬೇಕಾದ್ದು, ಸುಲಭದಿಂದ ಆರಂಭಿಸಿ:

ಅವತ್ತು ಬಫರ್‌ಗೆ ಎರಡನ್ನೂ ಹಾಕಿದ್ದು ನಿಜವೇ? ಬಫರ್ ಬಣ್ಣವಿಲ್ಲದ್ದು, ಮರೆತರೂ ಕಣ್ಣಿಗೆ ತಿಳಿಯದು. ಪುಸ್ತಕದಲ್ಲಿ ಬ್ಯಾಚ್ ಸಂಖ್ಯೆ ಬರೆದಿರದಿದ್ದರೆ ಹಾಕಿಲ್ಲ ಎಂದೇ ಹಿಡಿಯಿರಿ.

ಬೆರೆಸಿದ ಮೇಲೆ ಕಾದಿರಾ? ಸೀರಮ್ ಮತ್ತು ಬಫರ್ ಸೇರಿದ ಮೇಲೆ ಕೋಣೆಯ ಉಷ್ಣತೆಯಲ್ಲಿ 30 ನಿಮಿಷ ಬೇಕು. ಅವಸರದಲ್ಲಿ ಐದೇ ನಿಮಿಷಕ್ಕೆ ಪ್ಲೇಟಿಗೆ ಸುರಿದರೆ ಅರ್ಧ ಪ್ರತಿಕಾಯ ಇನ್ನೂ ಬಿಡಿಯಾಗಿ ಅಡ್ಡಾಡುತ್ತಿರುತ್ತದೆ.

ಅಳೆಯುತ್ತಿರುವುದು 22ಎಫ್ ಸೀರೋಟೈಪನ್ನೇ ಆಗಿದ್ದರೆ? ಆಗ ಅದೇ ಪಾಲಿಸ್ಯಾಕರೈಡ್ ಬೆರೆಸಿದರೆ ಅಳೆಯಬೇಕಾದ ಪ್ರತಿಕಾಯವನ್ನೇ ಅಳಿಸಿದಂತೆ. ಲಸಿಕೆಯಲ್ಲಿಲ್ಲದ ಬೇರೆ ಸೀರೋಟೈಪ್ ಬಳಸಬೇಕು. 22ಎಫ್ ಹಳೆಯ 7-ವೇಲೆಂಟ್, 13-ವೇಲೆಂಟ್ (ಅಷ್ಟು ಸೀರೋಟೈಪ್‌ಗಳಿರುವ) ಲಸಿಕೆಗಳಲ್ಲಿ ಇರಲಿಲ್ಲ, ಹಾಗಾಗಿ ಈ ತೊಡಕು ಅಷ್ಟಾಗಿ ಬರುತ್ತಿರಲಿಲ್ಲ. 15 ಮತ್ತು 20-ವೇಲೆಂಟ್ ಲಸಿಕೆಗಳಲ್ಲಿ ಅದು ಇದೆ, 23-ವೇಲೆಂಟ್‌ನಲ್ಲಂತೂ ಮೊದಲಿನಿಂದಲೂ ಇದೆ.

ಸ್ಟ್ಯಾಂಡರ್ಡ್ ಸೀರಮ್‌ಗೆ ಏನು ಬೆರೆಸಿದ್ದೀರಿ? 89-ಎಸ್‌ಎಫ್ ಎಂಬ ಹಳೆಯ ಸ್ಟ್ಯಾಂಡರ್ಡ್‌ಗೆ ಸಿ-ಪಾಲಿಸ್ಯಾಕರೈಡ್ ಮಾತ್ರ ಬೆರೆಸುವುದು ಕ್ರಮವಾಗಿತ್ತು. ಅದು ಮುಗಿಯುತ್ತಾ ಬಂದಾಗ 23-ವೇಲೆಂಟ್ ಲಸಿಕೆ ಪಡೆದ 278 ವಯಸ್ಕರ ಸೀರಮ್ ಸೇರಿಸಿ 007ಎಸ್‌ಪಿ ಎಂಬ ಹೊಸದನ್ನು ತಯಾರಿಸಿದರು. ಯಾವುದನ್ನು ಬಳಸಿದರೂ ಅದರ ಜೊತೆ ಬಂದ ಸೂಚನೆಯನ್ನು ಅಕ್ಷರಶಃ ಪಾಲಿಸಿ. ಸ್ಟ್ಯಾಂಡರ್ಡ್‌ನ ಮೌಲ್ಯ ನಿಗದಿಯಾದದ್ದು ಆ ಕ್ರಮದಲ್ಲೇ. ಬೇರೆ ರೀತಿ ಬೆರೆಸಿದರೆ ಎಲ್ಲ ಮಾದರಿಗಳ ಸಂಖ್ಯೆಯೂ ಒಂದೇ ದಿಕ್ಕಿಗೆ ಜಾರುತ್ತದೆ.

ಇವೆಲ್ಲ ಸರಿಯಿದ್ದೂ ಅನುಮಾನ ಉಳಿದರೆ ತಡೆ-ಪರೀಕ್ಷೆ ಮಾಡಿ. ಒಂದೇ ಸೀರಮನ್ನು ಮೂರು ಪಾಲು ಮಾಡಿ. ಒಂದಕ್ಕೆ ಮಾಮೂಲಿ ಬಫರ್. ಎರಡನೆಯದಕ್ಕೆ ಅಳೆಯುತ್ತಿರುವ ಸೀರೋಟೈಪ್‌ನದೇ ಪಾಲಿಸ್ಯಾಕರೈಡ್ ಹೆಚ್ಚುವರಿಯಾಗಿ. ಮೂರನೆಯದಕ್ಕೆ ಸಂಬಂಧವಿಲ್ಲದ ಇನ್ನೊಂದು ಸೀರೋಟೈಪ್‌ನದು. ಎರಡನೆಯದರಲ್ಲಿ ಬಣ್ಣ ಬಹುತೇಕ ಹೋಗಿ, ಮೂರನೆಯದರಲ್ಲಿ ಹಾಗೇ ಉಳಿದರೆ ನೀವು ಅಳೆಯುತ್ತಿರುವುದು ನಿಜವಾದ ಕವಚದ ಪ್ರತಿಕಾಯ. ಮೂರನೆಯದರಲ್ಲೂ ಬಣ್ಣ ಕುಸಿದರೆ ಸಾಮಾನ್ಯ ಕಲ್ಮಶ ಇನ್ನೂ ಉಳಿದಿದೆ. ಒಂದು ದಿನ ನಾನು ಈ ಮೂರು ವೆಲ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಎರಡನೆಯದೂ ಮೂರನೆಯದೂ ಒಂದೇ ತೆಳು ಹಳದಿ. ಅದಕ್ಕೂ ಮುಂಚೆ ಅದೇ ಬ್ಯಾಚ್‌ನ ಪುಡಿಯಿಂದ ತಯಾರಾದ ಪ್ಲೇಟ್‌ಗಳ ಫಲಿತಾಂಶ ನಮ್ಮ ಕಡತದಲ್ಲಿತ್ತು. ಅವನ್ನೆಲ್ಲ ಮರಳಿ ತೆಗೆದು ಮತ್ತೆ ಅಳೆದೆವು. ಪ್ರತಿ ಹೊಸ ಬ್ಯಾಚ್‌ಗೂ ಈ ಮೂರು ವೆಲ್ ಕಡ್ಡಾಯ ಎನ್ನುವುದು ಅಂದಿನಿಂದ ನಮ್ಮ ನಿಯಮ.

ಡೈಲ್ಯೂಟ್ ಮಾಡಿದಂತೆಲ್ಲ ಉತ್ತರ ಬದಲಾಗುತ್ತದೆ

ಒಂದು ಸೀರಮನ್ನು 1:50ರಲ್ಲಿ ಆರಂಭಿಸಿ ಎರಡೂವರೆ ಪಟ್ಟು ಇಳಿಸುತ್ತಾ ಹೋದರೆ, ಲೆಕ್ಕ ಹಾಕಿ ಹಿಂದಿರುಗಿಸಿದ ಉತ್ತರ ಪ್ರತಿ ಹಂತದಲ್ಲೂ ಸರಿಸುಮಾರು ಒಂದೇ ಇರಬೇಕು. 4.1, 4.3, 4.2 ಎಂದು ಬಂದರೆ ನೆಮ್ಮದಿ. 1.2, 2.0, 3.1 ಎಂದು ಬಂದರೆ ಸರಾಸರಿ ತೆಗೆದು ಮುಗಿಸಬೇಡಿ. ಆ ಮೂರು ಸಂಖ್ಯೆ ಏನೋ ಹೇಳುತ್ತಿವೆ.

ಹೀಗೆ ಏರುತ್ತಾ ಹೋದರೆ ಮೊದಲು ಓಡಿ ನೋಡಿ. ಓಡಿ 3 ಎಂದರೆ ಬೆಳಕಿನ ಸಾವಿರದ ಒಂದು ಪಾಲು ಮಾತ್ರ ವೆಲ್ ದಾಟಿದೆ. ಅಲ್ಲಿ ರೀಡರ್‌ನ ಮಾತಿಗೆ ಬೆಲೆಯಿಲ್ಲ. ಸೀರಮ್ ಬಹಳ ಗಟ್ಟಿ, ಹೆಚ್ಚು ಡೈಲ್ಯೂಟ್ ಮಾಡಿ. ಓಡಿ ಅಷ್ಟಿಲ್ಲದೆ, ಕೆಳಗಿನ ಹಂತಗಳಲ್ಲಿ ಬ್ಲಾಂಕ್‌ಗೆ ಹತ್ತಿರವಿದ್ದೂ ಉತ್ತರ ಏರುತ್ತಿದ್ದರೆ ಹಿನ್ನೆಲೆಯ ಬಣ್ಣ ಸೇರಿಕೊಂಡಿದೆ. ಹಿನ್ನೆಲೆ ಡೈಲ್ಯೂಷನ್‌ಗೆ ತಕ್ಕಂತೆ ಕರಗುವುದಿಲ್ಲ, ಆದರೆ ನಾವು ಅದನ್ನೂ ಡೈಲ್ಯೂಷನ್‌ನಿಂದ ಗುಣಿಸುತ್ತೇವೆ.

ಇಳಿಯುತ್ತಾ ಹೋದರೆ ಪ್ರತಿಕಾಯದ ಹಿಡಿತ ಸಡಿಲ ಎಂದು ಅರ್ಥ ಮಾಡಿಕೊಳ್ಳಬಹುದು. ಗಟ್ಟಿಯಾಗಿದ್ದಾಗ ಸಂಖ್ಯಾಬಲದಿಂದ ಅಂಟಿಕೊಂಡಿರುತ್ತವೆ, ತೆಳುವಾದಾಗ ಬಿಟ್ಟುಬಿಡುತ್ತವೆ. ಕಲ್ಮಶಕ್ಕೆ ಕಟ್ಟಿದ ಪ್ರತಿಕಾಯಗಳಲ್ಲಿ ಇದು ಹೆಚ್ಚು, ಹಾಗಾಗಿ ಇಲ್ಲಿಂದ ನೇರ ಮೇಲಿನ ತಡೆ-ಪರೀಕ್ಷೆಗೆ ಹೋಗಿ. ತಡೆ-ಪರೀಕ್ಷೆಯಲ್ಲಿ ಪಾಸಾದರೆ ಅದು ಆ ವ್ಯಕ್ತಿಯ ಪ್ರತಿಕಾಯದ ನಿಜವಾದ ಗುಣ. ಪ್ಲೇಟ್ ಮತ್ತೆ ಮತ್ತೆ ಓಡಿಸಿ ಅದನ್ನು ಸರಿಪಡಿಸಲಾಗದು. ಹಾಗೆಯೇ ವರದಿಯಲ್ಲಿ ಬರೆಯಿರಿ.

ಕಂಟ್ರೋಲ್ ತಿಂಗಳಿಂದ ತಿಂಗಳಿಗೆ ಜಾರುತ್ತಿದೆ

ಗ್ರಾಫ್ ಹಾಕಿ ನೋಡಿದರೆ ಎರಡೇ ಆಕಾರ. ಮೆಟ್ಟಿಲಿನಂತೆ ಒಮ್ಮೆಲೇ ಬಿದ್ದಿದ್ದರೆ ಆ ದಿನ ಏನೋ ಬದಲಾಗಿದೆ: ಕಾಂಜುಗೇಟ್, ಪ್ಲೇಟ್, ಪಾಲಿಸ್ಯಾಕರೈಡ್, ಕೆಲವೊಮ್ಮೆ ಕೆಲಸ ಮಾಡುವ ಕೈ. ಇಳಿಜಾರಿನಂತಿದ್ದರೆ ಏನೋ ನಿಧಾನವಾಗಿ ಹಾಳಾಗುತ್ತಿದೆ.

ಹಾಳಾಗುತ್ತಿರುವುದು ಯಾವುದೆಂದು ದಿಕ್ಕೇ ಹೇಳುತ್ತದೆ. ಕಂಟ್ರೋಲ್‌ಗಳು ಎಲ್ಲವೂ ಮೇಲಕ್ಕೆ ಹೋಗುತ್ತಿದ್ದರೆ ಸ್ಟ್ಯಾಂಡರ್ಡ್ ಕುಗ್ಗಿದೆ, ಏಕೆಂದರೆ ಎಲ್ಲವನ್ನೂ ಅದರ ಜೊತೆ ಹೋಲಿಸುತ್ತೇವೆ. ಒಂದೇ ಕಂಟ್ರೋಲ್ ಇಳಿದರೆ ಆ ಬಾಟಲಿ ಮಾತ್ರ ಕೆಟ್ಟಿದೆ. ಕಂಟ್ರೋಲ್ ಸ್ಥಿರವಾಗಿದ್ದು ಎಲ್ಲ ಓಡಿಗಳೂ ಇಳಿಯುತ್ತಿದ್ದರೆ ಕಾಂಜುಗೇಟ್ ಅಥವಾ ಅಂಟಿಸಿಟ್ಟ ಹಳೆಯ ಪ್ಲೇಟ್. ಆಗ ಉತ್ತರ ಇನ್ನೂ ಸರಿ ಇರಬಹುದು, ಆದರೆ ಕಡಿಮೆ ಪ್ರತಿಕಾಯದ ಮಾದರಿಗಳನ್ನು ಅಳೆಯುವ ಶಕ್ತಿ ಹೋಗುತ್ತಿದೆ. ಸ್ಟ್ಯಾಂಡರ್ಡ್, ಕಂಟ್ರೋಲ್ ಎರಡನ್ನೂ ಒಂದು ಸಲಕ್ಕೆ ಬೇಕಾದಷ್ಟೇ ಚಿಕ್ಕ ಟ್ಯೂಬ್‌ಗಳಲ್ಲಿ ಹಂಚಿ ಮಂಜುಗಟ್ಟಿಸಿ. ಕರಗಿಸಿದ್ದನ್ನು ಮತ್ತೆ ಮಂಜುಗಟ್ಟಿಸಬೇಡಿ.

ಕಾಂಜುಗೇಟ್ ಬದಲಿಸುವಾಗ ಒಂದು ವಿಶೇಷ ಎಚ್ಚರಿಕೆ. ವಯಸ್ಕರು ಪಾಲಿಸ್ಯಾಕರೈಡ್‌ಗೆ ಕೊಡುವ ಉತ್ತರದಲ್ಲಿ ಐಜಿಜಿ2 ಎಂಬ ಉಪವರ್ಗವೇ ಹೆಚ್ಚು, ಮಕ್ಕಳಲ್ಲಿ ಐಜಿಜಿ1. ಹೊಸ ಕಾಂಜುಗೇಟ್ ಐಜಿಜಿ1ನ್ನು ಚೆನ್ನಾಗಿ, ಐಜಿಜಿ2ನ್ನು ಕಡಿಮೆ ಗುರುತಿಸುವಂಥದ್ದಾದರೆ ಮಕ್ಕಳ ಸೀರಮ್‌ನ ಬಣ್ಣ ಸರಿ ಬರುತ್ತದೆ, ವಯಸ್ಕರದು ಕುಸಿಯುತ್ತದೆ. ಸ್ಟ್ಯಾಂಡರ್ಡ್ ಕೂಡ ವಯಸ್ಕರದೇ ಆದ್ದರಿಂದ ಲೆಕ್ಕ ಇನ್ನಷ್ಟು ತಿರುಚಿಕೊಳ್ಳುತ್ತದೆ. ಹಳೆಯದನ್ನೂ ಹೊಸದನ್ನೂ ಒಂದೇ ದಿನ, ಮಕ್ಕಳ ಮತ್ತು ವಯಸ್ಕರ ಸೀರಮ್‌ಗಳ ಮೇಲೆ ಜೊತೆಯಾಗಿ ಓಡಿಸದೆ ಬದಲಿಸಬೇಡಿ.

ಪ್ಲೇಟ್ ಸರಿ, ಸಂಖ್ಯೆ ಮಾತ್ರ ರೋಗಿಗೆ ಹೊಂದುತ್ತಿಲ್ಲ

ವೈದ್ಯರು ಫೋನ್ ಮಾಡಿ ಹೀಗೆ ಕೇಳಿದಾಗ ಪ್ಲೇಟ್ ಮತ್ತೆ ಓಡಿಸುವ ಮುಂಚೆ ಪ್ರಶ್ನೆ ಕೇಳಿ.

ರೋಗಿ ಇಮ್ಯುನೋಗ್ಲಾಬ್ಯುಲಿನ್ ಚಿಕಿತ್ಸೆಯಲ್ಲಿದ್ದಾರೆಯೇ? ಹೌದಾದರೆ ನೀವು ಅಳೆದದ್ದು ದಾನಿಗಳ ಪ್ರತಿಕಾಯ. ಐಜಿಜಿಯ ಅರ್ಧಾಯುಷ್ಯ ಸುಮಾರು ಮೂರು ವಾರ, ಹಾಗಾಗಿ ಅದು ತಿಂಗಳುಗಟ್ಟಲೆ ಉಳಿಯುತ್ತದೆ. ಇಂಥವರಲ್ಲಿ ನ್ಯೂಮೋಕಾಕಸ್ ಬಿಟ್ಟು ಟೈಫಾಯ್ಡ್‌ನ ವಿಐ ಲಸಿಕೆಗೆ ಬರುವ ಉತ್ತರವನ್ನು ನೋಡುವುದುಂಟು. ಚಿಕಿತ್ಸೆ ನಿಲ್ಲಿಸಿ ಪರೀಕ್ಷಿಸಬೇಕೇ ಎನ್ನುವುದು ಅವರ ತಜ್ಞ ವೈದ್ಯರು ಮಾತ್ರ ತೀರ್ಮಾನಿಸಬೇಕಾದ ವಿಷಯ. ಪ್ರಯೋಗಾಲಯದವರು ಸಲಹೆ ಕೊಡಬಾರದು, ರೋಗಿ ತಾನಾಗಿ ನಿಲ್ಲಿಸಬಾರದು.

ರಕ್ತ ತೆಗೆದದ್ದು ಯಾವಾಗ? 23-ವೇಲೆಂಟ್ ಲಸಿಕೆಯ ಮುಂಚೆ ಒಂದು, ನಂತರ 4ರಿಂದ 8 ವಾರದೊಳಗೆ ಇನ್ನೊಂದು ಮಾದರಿ ಬೇಕು. ಎರಡನ್ನೂ ಒಂದೇ ಪ್ಲೇಟ್‌ನಲ್ಲಿ ಓಡಿಸಿ. ಮಗುವಿನ ವಯಸ್ಸು ಎರಡು ವರ್ಷಕ್ಕಿಂತ ಕಡಿಮೆಯೇ? ಹಾಗಿದ್ದರೆ ಬರಿಯ ಪಾಲಿಸ್ಯಾಕರೈಡ್ ಲಸಿಕೆಗೆ ಉತ್ತರ ಬರದಿರುವುದೇ ಸಹಜ, ಅದು ದೋಷವಲ್ಲ.

ಯಾವ ಗೆರೆಗೆ ಹೋಲಿಸುತ್ತಿದ್ದಾರೆ? ಮಿಲಿಲೀಟರ್‌ಗೆ 0.35 ಮೈಕ್ರೋಗ್ರಾಂ ಎನ್ನುವುದು ಶಿಶುಗಳಲ್ಲಿ ಕಾಂಜುಗೇಟ್ ಲಸಿಕೆಗಳನ್ನು (ಪಾಲಿಸ್ಯಾಕರೈಡನ್ನು ಪ್ರೋಟೀನ್‌ಗೆ ಜೋಡಿಸಿದವನ್ನು; ಪ್ಲೇಟಿಗೆ ಹಾಕುವ ಕಾಂಜುಗೇಟ್ ಬೇರೆ) ಗುಂಪಿನ ಮಟ್ಟದಲ್ಲಿ ಹೋಲಿಸಲು ಇಟ್ಟ ಗೆರೆ. ಒಬ್ಬ ರೋಗಿಗೆ ರಕ್ಷಣೆ ಇದೆಯೇ ಎಂದು ಅದರಿಂದ ಹೇಳಲಾಗದು. ರೋಗನಿರೋಧಕ ಕೊರತೆ ಹುಡುಕುವಾಗ ಬಳಸುವುದು ಸಾಮಾನ್ಯವಾಗಿ 1.3 ಮೈಕ್ರೋಗ್ರಾಂ: ಆರು ವರ್ಷದೊಳಗಿನ ಮಕ್ಕಳಲ್ಲಿ ಅರ್ಧದಷ್ಟು, ಅದಕ್ಕೂ ದೊಡ್ಡವರಲ್ಲಿ 70 ಶೇಕಡಾ ಸೀರೋಟೈಪ್‌ಗಳಲ್ಲಿ ಆ ಮಟ್ಟ ಮುಟ್ಟಿದರೆ ಉತ್ತರ ಸರಿ ಎನ್ನುತ್ತಾರೆ. ಇನ್ನು 23 ಸೀರೋಟೈಪ್‌ಗಳನ್ನೂ ಒಟ್ಟಿಗೆ ಅಂಟಿಸಿ ಒಂದೇ ಸಂಖ್ಯೆ ಕೊಡುವ ಕಿಟ್‌ಗಳಿವೆ. ಎರಡು ಮೂರು ಸೀರೋಟೈಪ್‌ಗೆ ಭಾರೀ ಉತ್ತರ ಕೊಟ್ಟು ಉಳಿದವಕ್ಕೆ ಏನೂ ಕೊಡದವರೂ ಅದರಲ್ಲಿ ಚೆನ್ನಾಗಿ ಕಾಣುತ್ತಾರೆ. ಬೇರೆ ಪ್ರಯೋಗಾಲಯದ, ಬೇರೆ ವಿಧಾನದ ಎರಡು ವರದಿಗಳನ್ನು ಮುಂಚೆ-ನಂತರ ಎಂದು ಜೋಡಿಸಿದ್ದಾರೆಯೇ ಎಂದೂ ಕೇಳಿ.

ಇಷ್ಟಾದ ಮೇಲೂ ಪ್ರತಿಕಾಯ ಇದೆ, ಆದರೂ ಸೋಂಕು ಮರುಕಳಿಸುತ್ತಿದೆ ಎಂದರೆ ಪ್ರತಿಕಾಯ ಇದೆಯೇ ಎಂದಲ್ಲ, ಕೆಲಸ ಮಾಡುತ್ತಿದೆಯೇ ಎಂದು ಕೇಳಬೇಕಾಗುತ್ತದೆ. 7-ವೇಲೆಂಟ್ ಲಸಿಕೆಯ 19ಎಫ್‌ನಿಂದ 19ಎಗೂ ಐಜಿಜಿ ಹುಟ್ಟುತ್ತಿತ್ತು, ಎಲೈಸಾದಲ್ಲಿ ಕಾಣುತ್ತಿತ್ತು. ಆದರೆ ಬ್ಯಾಕ್ಟೀರಿಯಾವನ್ನು ಕೊಲ್ಲಿಸುವ ಶಕ್ತಿ ಅದಕ್ಕೆ ಕಡಿಮೆಯಿತ್ತು. ಅದನ್ನು ತೋರಿಸುವುದು, ಪ್ರತಿಕಾಯದ ನೆರವಿನಿಂದ ಕೋಶಗಳು ಬ್ಯಾಕ್ಟೀರಿಯಾವನ್ನು ನುಂಗಿ ಕೊಲ್ಲುತ್ತವೆಯೇ ಎಂದು ನೋಡುವ ಆಪ್ಸನೋಫ್ಯಾಗೋಸೈಟಿಕ್ ಪರೀಕ್ಷೆ: ಜೀವಂತ ಬ್ಯಾಕ್ಟೀರಿಯಾ, ಎಳೆ ಮೊಲದ ಕಾಂಪ್ಲಿಮೆಂಟ್ (ಕೊಲ್ಲಲು ನೆರವಾಗುವ ರಕ್ತದ ಪ್ರೋಟೀನ್‌ಗಳು), ನುಂಗುವ ಎಚ್‌ಎಲ್-60 ಕೋಶಗಳು ಬೇಕು. ಇದನ್ನು ಬೆಂಚಿನ ಮೂಲೆಯಲ್ಲಿ ಆರಂಭಿಸಲು ಹೋಗಬೇಡಿ. ಮಾಡುತ್ತಾ ಬಂದಿರುವ ಉಲ್ಲೇಖ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಕಳಿಸುವಾಗ ರೋಗಿ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಖಂಡಿತ ಬರೆಯಿರಿ. ಎಲೈಸಾಗೆ ಅದರಿಂದ ಏನೂ ಆಗದು. ಅಲ್ಲಿ ಮಾತ್ರ ಸೀರಮ್‌ನಲ್ಲಿರುವ ಔಷಧಿಯೇ ಬ್ಯಾಕ್ಟೀರಿಯಾವನ್ನು ಕೊಂದು, ಪ್ರತಿಕಾಯ ಕೊಂದಿತು ಎಂಬಂತೆ ಕಾಣಿಸುತ್ತದೆ.

ಎಲ್ಲಿ ಕೈ ನಿಲ್ಲಿಸಬೇಕು

ಎರಡು ಕಂಟ್ರೋಲ್ ಒಂದೇ ದಿನ ಮಿತಿ ದಾಟಿದರೆ ಆ ಪ್ಲೇಟಿನ ಒಂದು ಸಂಖ್ಯೆಯನ್ನೂ ಹೊರಗೆ ಕೊಡಬೇಡಿ, ಉಳಿದ ವೆಲ್‌ಗಳು ಎಷ್ಟೇ ಚೆನ್ನಾಗಿ ಕಂಡರೂ. ಒಂದೇ ಬದಲಾವಣೆ ಮಾಡಿ ಎರಡು ಸಲ ಓಡಿಸಿದರೂ ಕಾರಣ ಸಿಗದಿದ್ದರೆ ಮೂರನೆಯ ಸಲ ರೋಗಿಯ ಸೀರಮ್ ಖರ್ಚುಮಾಡಬೇಡಿ. ಶಿಶುವಿನಿಂದ ಬಂದದ್ದು ಅರ್ಧ ಮಿಲಿಲೀಟರ್‌ಗಿಂತ ಕಡಿಮೆಯೇ ಇರುತ್ತದೆ, ಮತ್ತೊಮ್ಮೆ ಸೂಜಿ ಚುಚ್ಚಬೇಕಾಗುತ್ತದೆ. ಸ್ಟ್ಯಾಂಡರ್ಡ್ ಮತ್ತು ಕಂಟ್ರೋಲ್ ಮಾತ್ರ ಹಾಕಿದ ಪ್ಲೇಟ್‌ನಲ್ಲಿ ಹುಡುಕಾಟ ಮುಂದುವರಿಸಿ. ತಡೆ-ಪರೀಕ್ಷೆಯಲ್ಲಿ ಪುಡಿಯ ಬ್ಯಾಚ್ ಸೋತರೆ ಆ ಬ್ಯಾಚ್‌ನಿಂದ ಹಿಂದೆ ಹೋದ ವರದಿಗಳ ಪಟ್ಟಿ ಮಾಡಿ, ಪ್ರಯೋಗಾಲಯದ ಮುಖ್ಯಸ್ಥರಿಗೆ ಅಂದೇ ತಿಳಿಸಿ, ವೈದ್ಯರಿಗೆ ಫೋನ್ ಹೋಗುವವರೆಗೆ ಆ ಬಾಟಲಿಗೆ ಕೆಂಪು ಚೀಟಿ ಅಂಟಿಸಿ ಬೇರೆ ಕಪಾಟಿನಲ್ಲಿಡಿ.